ಬೇವು ತಿಂದು ಬೆಲ್ಲ ಉಗಿದವನು

ಬೆಳಕವಾಡಿ
27 ಮಾರ್ಚ್ 2023

ಮಗಳು ನಾಗಮಣಿಗೆ ನಿಮ್ಮವ್ವ ಬರೆಯುವುದು,

ಅಪ್ಪು ಚೆನ್ನಾಗಿದ್ದಾನೆ. ಅದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದ ಓದದೆ ಕಡೇ ಸಾಲಿಗೆ ಹಾರುತ್ತೀಯ. ಆ ಸಿಂಧನೂರಿನ ಬಿಸಿಲಲ್ಲಿ ಬಸುರಿ ಹೆಂಗಸು ಸ್ಕೂಲಿಗೂ ಹೋಗಿ ನಾಲ್ಕು ವರ್ಷದ ಈ ತುಂಟನ ಹಿಂದೆಯೂ ಓಡುವುದು ಆಗದ ಮಾತು. ಶಿವರಾಮು ಅವನನ್ನು ತಂದು ಬಿಟ್ಟು ಹೋದದ್ದು ಒಳ್ಳೆಯದೇ ಆಯಿತು. ನನ್ನ ತಮ್ಮ ಅಂತ ಅವನಿಗೇ ನಿನ್ನನ್ನು ಕೊಟ್ಟಾಗ ಊರವರು ಏನೇನೋ ಅಂದರು. ಈಗ ನೋಡು, ಅಕ್ಕನ ಮನೆ ಅಂತ ಸಂಕೋಚವಿಲ್ಲದೆ ಮಗನನ್ನು ಬಿಟ್ಟು ಹೋಗುತ್ತಾನೆ.

ನಿನ್ನ ಅತ್ತಿಗೆ ವೀಣ ಮೊಬೈಲು ಹಿಡಿದು ನಿನ್ನ ಮುಖ ತೋರಿಸುತ್ತಾಳೆ. ಬಾಯಿ ಆಡುವುದು ಕಾಣುತ್ತದೆ, ಮಾತು ಒಂದೂ ಕಿವಿಗೆ ಬೀಳುವುದಿಲ್ಲ. ನನ್ನ ಕಿವಿ ಕೆಟ್ಟಿದ್ದಕ್ಕೆ, ಮೂವತ್ತನೇ ವಯಸ್ಸಿನಲ್ಲಿ ಸಾಕ್ಷರತೆ ಕ್ಲಾಸಿಗೆ ಹೋಗಿ ತಿದ್ದಿದ ಅಕ್ಷರ ಈಗ ಉಪಯೋಗಕ್ಕೆ ಬಂತು. ನೀನೂ ಬರೆ. ಟೀಚರಮ್ಮನ ಬರಹ ನೋಡಿದರೆ ನನಗೆ ಕುಶಿ.

ಯುಗಾದಿ ದಿನ ನಡೆದದ್ದು ಕೇಳು. ನಿಮ್ಮಪ್ಪ ಎಲ್ಲರಿಗೂ ಬೇವು ಬೆಲ್ಲ ಕೊಟ್ಟರು. ಬೇರೆ ಮಕ್ಕಳು ಬೇವನ್ನು ಉಗಿದು ಬೆಲ್ಲ ಚೀಪಿದರೆ, ನಿನ್ನ ಮಗ ಬೆಲ್ಲ ಉಗಿದು ಬೇವು ಅಗಿದ. ಮುಖ ಕೂಡ ಕಿವಿಚಲಿಲ್ಲ. ನಿಮ್ಮ ಸೋದರತ್ತೆ ಪಟ್ಟಲಮ್ಮ ಬಂದಿದ್ದರಲ್ಲ, ಅವರು ಸುಮ್ಮನಿರುತ್ತಾರೆಯೇ? “ಆಲೆಮನೆ ಚಿಕ್ಕಣ್ಣನ ಮೊಮ್ಮಗ ಬೆಲ್ಲ ತಿನ್ನಾಕಿಲ್ವಂತೆ. ಇನ್ನ ನಿಮ್ ಬೆಲ್ಲವ ಯಾರ್ ಕೊಂಡಾರ್ಲಾ?” ಅಂತ ನಿಮ್ಮಪ್ಪನನ್ನು ಎಲ್ಲರ ಮುಂದೆ, ನನಗೂ ಕೇಳುವಷ್ಟು ಜೋರಾಗಿ ಆಡಿಕೊಂಡರು. ಒಬ್ಬಟ್ಟು ಕೊಟ್ಟರೆ ಹೂರಣ ಕೆರೆದು ಎಲೆಯ ಮೂಲೆಗೆ ಒತ್ತಿ, ಬರೀ ಕಣಕ ತಿಂದ. ಬಾಳೆಹಣ್ಣು ಕಂಡರೆ ಎದ್ದು ಹೋಗುತ್ತಾನೆ.

ನನಗೆ ನಗುವೂ ಬಂತು, ಒಳಗೊಳಗೆ ಬೇಸರವೂ ಆಯಿತು. ಕೈಕಾಲು ಕಡ್ಡಿಯ ಹಾಗಿವೆ. ಸಿಹಿ ತಿನ್ನದ ಮಗುವಿಗೆ ಶಕ್ತಿ ಎಲ್ಲಿಂದ ಬರಬೇಕು? ನೀನು ಅವನ ಹಟಕ್ಕೆ ಬಿಟ್ಟುಬಿಟ್ಟಿದ್ದೀಯ ಕಣವ್ವ. ನನ್ನ ಕೈಗೆ ಬಂದಿದ್ದಾನೆ, ಸರಿ ಮಾಡಿ ಕಳಿಸುತ್ತೇನೆ.

ನಿಮ್ಮವ್ವ
ಮಾಯಮ್ಮ


ಸಿಂಧನೂರು
5 ಏಪ್ರಿಲ್ 2023

ಅವ್ವ,

ಕಾಗದ ನಿನ್ನೆ ಬಂತು. ಬೇವಿನ ಸುದ್ದಿ ಓದಿ ನಕ್ಕೆವು. ನಿನ್ನ ತಮ್ಮ ಅದನ್ನು ಆಫೀಸಿನಲ್ಲೂ ಹೇಳಿಕೊಂಡು ಬಂದಿದ್ದಾರೆ.

ಆದರೆ ಅಪ್ಪುವಿಗೆ ಸಿಹಿ ತಿನ್ನಿಸಲು ಹೋಗಬೇಡ. ಎದೆಹಾಲು ಬಿಡಿಸಿ ಮೇಲೂಟ ಶುರು ಮಾಡಿದಾಗಿನಿಂದ ಅವನು ಹೀಗೇ. ಸಿಹಿ ಒಳಗೆ ಹೋದರೆ ವಾಂತಿ ಮಾಡುತ್ತಾನೆ, ಬೆವರುತ್ತಾನೆ. ಇಲ್ಲಿಯ ಡಾಕ್ಟರಿಗೆ ಒಂದು ಸಲ ತೋರಿಸಿದ್ದೆ, ಕೆಲವು ಮಕ್ಕಳು ಹಾಗಿರುತ್ತಾರೆ, ದೊಡ್ಡವನಾದರೆ ಸರಿಹೋಗುತ್ತದೆ ಅಂದರು. ಮುದ್ದೆ, ಅನ್ನ, ಹಾಲು, ಮೊಟ್ಟೆ, ಬಾಡಿನ ಸಾರು ಎಲ್ಲ ಕೇಳಿ ಕೇಳಿ ತಿನ್ನುತ್ತಾನೆ. ಅದನ್ನೇ ಕೊಡು. ಬೇಡ ಅಂದರೆ ಬಿಡು. ಸೋದರತ್ತೆ ಆಡಿಕೊಂಡರೆ ಆಡಿಕೊಳ್ಳಲಿ.

ನನಗೆ ವಾಂತಿ ಇನ್ನೂ ನಿಂತಿಲ್ಲ. ಬೇರೇನೂ ತೊಂದರೆಯಿಲ್ಲ. ಪರೀಕ್ಷೆ ಪೇಪರು ತಿದ್ದುವುದಿದೆ, ಇಷ್ಟಕ್ಕೇ ಮುಗಿಸುತ್ತೇನೆ.

ನಾಗಮಣಿ


ಬೆಳಕವಾಡಿ
24 ಏಪ್ರಿಲ್ 2023

ನಾಗಮಣಿಗೆ,

ಬಲವಂತ ಮಾಡಬೇಡ ಅಂತ ನೀನು ಬರೆದಿದ್ದೆ. ನಾನು ಬಲವಂತ ಮಾಡಲಿಲ್ಲ. ಬೆಳಗಿನ ರಾಗಿ ಗಂಜಿಗೆ ಗೊತ್ತಾಗದ ಹಾಗೆ ಚೂರೇ ಚೂರು ಬೆಲ್ಲ ಕರಗಿಸುತ್ತ ಬಂದೆ. ಉಗುರಿನಷ್ಟು ಮೊದಲು, ಆಮೇಲೆ ಸ್ವಲ್ಪ ಜಾಸ್ತಿ. ನಾಲಿಗೆ ಹಾಗೆಯೇ ಅಲ್ಲವೇ ಪಳಗುವುದು? ನಿಮ್ಮಣ್ಣ ಶಿವರಾಜು ಚಿಕ್ಕವನಿದ್ದಾಗ ಸೊಪ್ಪು ತಿನ್ನುತ್ತಿರಲಿಲ್ಲ, ಅವನಿಗೂ ಹೀಗೇ ಮಾಡಿದ್ದೆ.

ಈಗ ಇನ್ನೊಂದು ಮಾತು. ಇದನ್ನು ಫೋನಿನಲ್ಲಿ ಹೇಳಬೇಡಿ ಅಂತ ನಿಮ್ಮಪ್ಪನಿಗೆ ನಾನೇ ಹೇಳಿದ್ದು. ವೀಣ ರಜಕ್ಕೆ ಮಕ್ಕಳ ಜೊತೆ ಹಲಗೂರಿಗೆ, ತವರಿಗೆ ಹೋಗಿದ್ದಾಳೆ. ಅವಳಿದ್ದಿದ್ದರೆ ಆಗಲೇ ಊದಿರುತ್ತಿದ್ದಳು. ಹತ್ತು ದಿನದಿಂದ ಅಪ್ಪು ಒಂದಿಷ್ಟು ಸೊರಗಿದ್ದ. ಎರಡು ಮೂರು ಸಲ ವಾಂತಿಯಾಯಿತು. ಮೊನ್ನೆ ನೋಡಿದರೆ ಕಣ್ಣು ಹಳದಿ. ಕಾಮಾಲೆ ಕಣವ್ವ. ಹೆದರಬೇಡ. ಕಾಮಾಲೆಗೆ ಏನು ಕೊಡಬೇಕು ಅಂತ ಈ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತಲ ಊರಿನವರೆಲ್ಲ ಕಬ್ಬಿನ ಹಾಲಿಗೆ ಬಾಟಲಿ ಹಿಡಿದುಕೊಂಡು ಬರುವುದು ನಮ್ಮ ಆಲೆಮನೆಗೇ ಅಲ್ಲವೇ?

ಗಾಣ ಶುರುವಾದ ಕೂಡಲೇ ಮೊದಲ ಹಾಲು ಅಪ್ಪುವಿಗೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಹಲ್ಲು ಕಚ್ಚಿ ಹಿಡಿಯುತ್ತಾನೆ, ಎಂಥ ಶಕ್ತಿ ಅಂತೀಯ! ಕೂಸುಗಳಿಗೆ ಹಾಲು ಕುಡಿಸುತ್ತಿದ್ದ ಹಳೇ ಒಳಲೆಯನ್ನು ಅಟ್ಟದಿಂದ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿದೆ. ನಿಮ್ಮಪ್ಪ ಕೈ ಹಿಡಿದುಕೊಳ್ಳುತ್ತಾರೆ, ನಾನು ಒಳಲೆಯ ಮೂತಿಯನ್ನು ಕೆನ್ನೆಯ ಸಂದಿಗೆ ಇಟ್ಟು ಗುಟುಕು ಗುಟುಕಾಗಿ ಹುಯ್ಯುತ್ತೇನೆ. ಅಳುತ್ತಾನೆ. ಕುಡಿದ ಮೇಲೆ ಬೆವರಿ, ಸುಸ್ತಾಗಿ ನನ್ನ ತೊಡೆಯ ಮೇಲೆಯೇ ನಿದ್ದೆ ಹೋಗುತ್ತಾನೆ. ನಿದ್ದೆ ಬಂದರೆ ಅರ್ಧ ಕಾಯಿಲೆ ಹೋದ ಹಾಗೆ.

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲ ಇಳಿದಿರುತ್ತದೆ. ನೀನು ನಿನ್ನ ಹೊಟ್ಟೆ ನೋಡಿಕೋ.

ನಿಮ್ಮವ್ವ


ಬೆಂಗಳೂರು
18 ಮೇ 2023

ಅವ್ವ,

ನಿನ್ನ ಏಪ್ರಿಲ್ ಇಪ್ಪತ್ತನಾಲ್ಕರ ಕಾಗದ ಇವತ್ತು ಕೈಗೆ ಬಂತು. ಸಿಂಧನೂರಿನಲ್ಲಿ ಬಾಗಿಲ ಕೆಳಗೆ ಬಿದ್ದಿತ್ತಂತೆ, ನಿನ್ನ ತಮ್ಮ ತಂದುಕೊಟ್ಟರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ. ಒಳಗೆ ಅಪ್ಪು ಮಲಗಿದ್ದ.

ಅಪ್ಪ ಫೋನು ಮಾಡಿ, ಮಗು ಎಚ್ಚರ ತಪ್ಪಿದೆ, ಮಂಡ್ಯದ ಆಸ್ಪತ್ರೆಗೆ ತಂದಿದ್ದೇವೆ ಅಂದ ದಿನದಿಂದ ನಾನು ನಿನ್ನ ಜೊತೆ ಮಾತಾಡಿಲ್ಲ. ನೀನು ವಾರ್ಡಿನ ಹೊರಗೆ ನಿಂತಿದ್ದೆ, ನಾನು ನೋಡಿದೆ. ಅಲ್ಲಿಂದ ಅಪ್ಪುವನ್ನು ಬೆಂಗಳೂರಿಗೆ ಕಳಿಸಿದರು. ಈಗ ಇಲ್ಲಿಯ ಡಾಕ್ಟರು ಹೇಳಿದ್ದನ್ನು ಮಾತ್ರ ಬರೆಯುತ್ತೇನೆ.

ಅಪ್ಪುವಿಗೆ ಇದ್ದದ್ದು ಬರೀ ಕಾಮಾಲೆಯಲ್ಲ. ಬೆಲ್ಲ, ಸಕ್ಕರೆ, ಕಬ್ಬು, ಹಣ್ಣು, ಜೇನುತುಪ್ಪ ಇವುಗಳ ಸಿಹಿಯನ್ನು ಅರಗಿಸುವ ಒಂದು ಅಂಶ ಅವನ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ವಂಶದಿಂದ ಬರುವ ತೊಂದರೆ. ಸಿಹಿ ಒಳಗೆ ಹೋದರೆ ಈಲಿ ಕೆಡುತ್ತದೆ, ರಕ್ತದಲ್ಲಿನ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ. ಕಣ್ಣು ಹಳದಿಯಾದದ್ದು ನಿನ್ನ ಗಂಜಿಯ ಬೆಲ್ಲದಿಂದ. ಅದರ ಮೇಲೆ ಕಬ್ಬಿನ ಹಾಲು. ನೀನು ನಿದ್ದೆ ಅಂದುಕೊಂಡದ್ದು ನಿದ್ದೆಯಲ್ಲ.

ಡಾಕ್ಟರಮ್ಮ ಅವನ ಬಾಯಿ ತೆರೆಸಿ ಹಲ್ಲು ನೋಡಿದರು. ನಾಲ್ಕು ವರ್ಷದ ಮಗು, ಒಂದು ಹಲ್ಲೂ ಹುಳುಕಿಲ್ಲ. ಇವನು ಹಟಮಾರಿಯಲ್ಲ, ಇವನ ನಾಲಿಗೆಯೇ ಇವನನ್ನು ಇಲ್ಲಿವರೆಗೆ ಉಳಿಸಿದೆ ಅಂದರು. ಇದಕ್ಕೆ ಔಷಧವಿಲ್ಲ, ಜೀವನಪೂರ್ತಿ ಆ ಪದಾರ್ಥ ಮುಟ್ಟದಿದ್ದರೆ ಎಲ್ಲರ ಹಾಗೆ ಬೆಳೆಯುತ್ತಾನಂತೆ. ಈರುಳ್ಳಿ, ಟೊಮೆಟೊ, ಎಳನೀರು, ಕೆಮ್ಮಿನ ಸಿಹಿ ಔಷಧ, ಎಲ್ಲ ಬೇಡದ ಪಟ್ಟಿಯಲ್ಲಿವೆ.

ಒಂದು ಪ್ರಶ್ನೆಗೆ ನಿನ್ನಿಂದ ಉತ್ತರ ಬೇಕು. ನಮ್ಮ ಮನೆಯಲ್ಲಿ ಹಿಂದೆ ಯಾವುದಾದರೂ ಕೂಸು ಹೀಗೆ ಹಳದಿಯಾಗಿ, ವಾಂತಿಯಾಗಿ ತೀರಿಕೊಂಡಿತ್ತೇ? ಡಾಕ್ಟರಮ್ಮ ಕೇಳಿದಾಗ ನನಗೆ ತಿಳಿದಂತೆ ಇಲ್ಲ ಅಂದೆ. ಮನೆಯ ಹಿರೇ ಹೆಂಗಸರನ್ನು ಕೇಳಿ ಅಂದರು. ಹೊಟ್ಟೆಯಲ್ಲಿರುವ ಮಗುವಿಗೂ ನಾಲ್ಕರಲ್ಲೊಂದು ಪಾಲು ಇದು ಬರಬಹುದಂತೆ. ಅದಕ್ಕೇ ಕೇಳುತ್ತಿದ್ದೇನೆ.

ನಾಗಮಣಿ


ಬೆಳಕವಾಡಿ
2 ಜೂನ್ 2023

ನಾಗಮಣಿಗೆ,

ನೀನು ಕೇಳಿದಂಥದ್ದು ನಮ್ಮ ಮನೆಯಲ್ಲಿ ಯಾವುದೂ ನಡೆದಿಲ್ಲ.

ನಿಮ್ಮ ಡಾಕ್ಟರು ವಂಶ ಅಂದರಂತೆ. ಸ್ವಂತ ಸೋದರಮಾವನಿಗೆ ಕೊಟ್ಟಿದ್ದರಿಂದ ಹೀಗಾಯಿತು ಅಂತ ನಾಳೆ ಪಟ್ಟಲಮ್ಮನೂ ಅನ್ನುತ್ತಾರೆ. ಆ ಸಂಬಂಧ ಕಟ್ಟಿದವಳು ನಾನು. ನಮ್ಮಜ್ಜಿಯ ಕಾಲದಿಂದ ಹೀಗೇ ಕೊಟ್ಟು ತಂದು ಮಾಡಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಬೆಲ್ಲ ಮಾಡಿ ಬದುಕಿದ ಮನೆ ಇದು. ಬೆಲ್ಲವನ್ನು ವಿಷ ಅಂತ ಬರೆಯಲು ನಿನಗೆ ಹೇಗೆ ಕೈ ಬಂತು?

ಮಳೆ ಹದವಾಗಿದೆ. ಕರಿ ಹಸು ಕರು ಹಾಕಿದೆ, ಹೆಣ್ಣುಗರು. ಅಪ್ಪುವಿಗೆ ಹೇಳು.

ಮಾಯಮ್ಮ


ಬೆಳಕವಾಡಿ
19 ಜುಲೈ 2023

ಮಗಳೇ,

ಇದು ಮೂರನೇ ಕಾಗದ. ಹಿಂದಿನ ಎರಡು ತಲುಪಿದವೋ ಇಲ್ಲವೋ. ಉತ್ತರ ಬಂತೇ ಅಂತ ಪೋಸ್ಟಿನವನನ್ನು ಕೇಳಿದರೆ, “ಬಂದ್ರೆ ನಾನೇನ್ ಮಡಿಕತೀನಾ ಮಾಯಕ್ಕ?” ಅಂತ ಕೂಗಿ ರೇಗುತ್ತಾನೆ.

ಹೆರಿಗೆಗೆ ನೀನು ಇಲ್ಲಿಗೆ ಬರುವುದಿಲ್ಲವಂತೆ, ಬಾಣಂತನಕ್ಕೆ ಸಿಂಧನೂರಿನಲ್ಲೇ ಯಾರನ್ನೋ ಗೊತ್ತು ಮಾಡುತ್ತೀಯಂತೆ. ವೀಣ ಚೀಟಿಯಲ್ಲಿ ಬರೆದು ತೋರಿಸಿದಳು. ನಿನ್ನಿಷ್ಟ. ಅಪ್ಪು ಈಗ ಏನು ತಿನ್ನುತ್ತಾನೆ ಅಂತ ಒಂದು ಸಾಲು ಬರೆದು ಹಾಕು. ಸಾಕು.

ನಿಮ್ಮವ್ವ


ಬೆಳಕವಾಡಿ
14 ಆಗಸ್ಟ್ 2023

ನಾಗಮಣಿಗೆ,

ಜೂನಿನಲ್ಲಿ ನಿನಗೆ ಸುಳ್ಳು ಬರೆದೆ.

ಶಿವರಾಜುವಿಗಿಂತ ಮೊದಲು ನನಗೊಂದು ಗಂಡುಮಗು ಆಗಿತ್ತು. ಮುದ್ದಯ್ಯ ಅಂತ ನಮ್ಮ ಮಾವನವರ ಹೆಸರಿಟ್ಟಿದ್ದೆವು. ನನಗಾಗ ಹದಿನೆಂಟು ವರ್ಷ. ಏಳು ತಿಂಗಳ ತನಕ ಎದೆಹಾಲು ಕುಡಿದುಕೊಂಡು ಗುಂಡಗೆ ಇದ್ದ. ರಾಗಿ ಸರಿಗೆ ಬೆಲ್ಲ ಹಾಕಿ ತಿನ್ನಿಸಲು ಶುರು ಮಾಡಿದ ಮೇಲೆ ವಾಂತಿ. ಬೊಚ್ಚುಬಾಯಿಯನ್ನು ಬಿಗಿ ಹಿಡಿಯುತ್ತಿದ್ದ. ಸೊರಗಿದ ಅಂತ ಇನ್ನಷ್ಟು ಬೆಲ್ಲ ಹಾಕಿದೆವು. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಕಬ್ಬಿನ ಹಾಲು ಕೊಟ್ಟೆವು. ಆ ಒಳಲೆಯಲ್ಲಿಯೇ. ನಮ್ಮತ್ತೆ ಕಾಲು ಹಿಡಿದುಕೊಳ್ಳುತ್ತಿದ್ದರು. ಹನ್ನೊಂದನೇ ತಿಂಗಳಲ್ಲಿ, ಕುಡಿಸಿ ಮಲಗಿಸಿದವನು ಏಳಲಿಲ್ಲ.

ಬಾಲಗ್ರಹ ಅಂದರು. ಹೊಲದ ಮೂಲೆಯಲ್ಲಿ ಮಣ್ಣು ಮಾಡಿ ಬಂದ ದಿನ ನಮ್ಮತ್ತೆ, ಇನ್ನು ಅವನ ಹೆಸರು ಎತ್ತಬೇಡ, ಮುಂದೆ ಹುಟ್ಟುವ ಮಕ್ಕಳಿಗೆ ಆಗದು ಅಂದರು. ಎತ್ತಲಿಲ್ಲ. ನಿಮ್ಮಪ್ಪನ ಹತ್ತಿರವೂ.

ನಿನ್ನ ಮೇ ತಿಂಗಳ ಕಾಗದ ಓದಿದಾಗ ಎರಡನೇ ಹಾಳೆಗೆ ಬರುವ ಮೊದಲೇ ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ, ಅಂಥದ್ದು ನಡೆದಿಲ್ಲ ಅಂತ ಬರೆದೆ. ಹೌದು ಅಂದರೆ ಅವನನ್ನು ಕೊಂದವಳು ನಾನೇ ಅಂತ ಆಗುತ್ತದೆ. ನಲವತ್ತು ವರ್ಷ ಬಾಲಗ್ರಹದ ಮೇಲೆ ಹಾಕಿಕೊಂಡು ಬದುಕಿದ್ದೆ.

ಇವತ್ತು ಯಾಕೆ ಬರೆಯುತ್ತಿದ್ದೇನೆ ಅಂದರೆ, ಬೆಳಗ್ಗೆ ಹಲಗೂರಿನ ಕಡೆಯವನೊಬ್ಬ ಬೈಕಿನಲ್ಲಿ ಬಾಟಲಿ ಹಿಡಿದು ಬಂದ. ಮಗಳಿಗೆ ಕಾಮಾಲೆ, ಕಬ್ಬಿನ ಹಾಲು ಬೇಕು ಅಂದನಂತೆ. ನಿಮ್ಮಪ್ಪ ಗಾಣ ನಿಲ್ಲಿಸಿ, ಮೊದಲು ಡಾಕ್ಟರಿಗೆ ತೋರಿಸು, ಅವರು ಕೊಡು ಅಂದರೆ ಬಾ ಅಂದರಂತೆ. ಅವನು, ಊರಿಗೆಲ್ಲ ಕೊಡುವವರು ನನಗೇಕೆ ಇಲ್ಲ ಅಂತ ಬೈದುಕೊಂಡು ಹೋದನಂತೆ. ನಿಮ್ಮಪ್ಪ ನೇರ ನನ್ನ ಹತ್ತಿರ ಬಂದರು. ನಾನು ಕೊಪ್ಪರಿಗೆಯ ಪಕ್ಕ ಅಚ್ಚು ತೊಳೆಯುತ್ತಿದ್ದೆ. ಏನೋ ಅಂದರು, ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಅಂದರು. ಕಿವಿಯ ಹತ್ತಿರ ಬಾಯಿ ತಂದು ಕೂಗಿದರು:

“ಮಾಯಿ, ನಮ್ ಮುದ್ದನ್ಗೂ ಇದ್ನೇ ಅಲ್ವಾ ನಾವ್ ಉಯ್ದಿದ್ದು?”

ಒಲೆಗೆ ಕಬ್ಬಿನ ಸೋಗೆ ಹಾಕುತ್ತಿದ್ದವನು ಹಾಗೇ ನಿಂತುಬಿಟ್ಟ. ಎಲ್ಲರಿಗೂ ಕೇಳಿಸಿತು. ನಲವತ್ತು ವರ್ಷ ಮುಚ್ಚಿಟ್ಟದ್ದು, ನನ್ನ ಕಿವಿ ಕೆಟ್ಟಿದ್ದರಿಂದ ಆಲೆಮನೆಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಬೇಕಾಯಿತು. ನಾನು ಹೌದು ಅಂದೆ. ಅವರು ಅಲ್ಲೇ ಸೋಗೆಯ ಮೇಲೆ ಕೂತು ತಲೆಗೆ ಟವೆಲ್ಲು ಹಾಕಿಕೊಂಡರು. ಇವತ್ತಿನ ಬೆಲ್ಲ ಸೀದುಹೋಯಿತು.

ನಿಮ್ಮ ಡಾಕ್ಟರಮ್ಮನಿಗೆ ಈ ಕಾಗದ ಓದಿ ಹೇಳು. ಹೊಟ್ಟೆಯಲ್ಲಿರುವುದಕ್ಕೆ ಅನುಕೂಲವಾಗಲಿ. ನನಗೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಮಾಯಮ್ಮ


ಸಿಂಧನೂರು
29 ಆಗಸ್ಟ್ 2023

ಅವ್ವ,

ಕಾಗದವನ್ನು ಡಾಕ್ಟರಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಅವರು ಪೂರ್ತಿ ಕೇಳಿ, ಇಷ್ಟು ವರ್ಷದ ಮೇಲೆ ಖಂಡಿತ ಹೇಳಲಾಗದು, ಅದೇ ಇರಬಹುದು ಅಂದರು. ಆ ಕಾಲದಲ್ಲಿ ಆ ಊರಿನಲ್ಲಿ ಇದನ್ನು ಯಾರೂ ಗುರುತಿಸುತ್ತಿರಲಿಲ್ಲ, ಅಮ್ಮನಿಗೆ ಹಾಗೆ ಬರೆಯಿರಿ ಅಂತಲೂ ಹೇಳಿದರು. ಬರೆದಿದ್ದೇನೆ.

ನೀನು ಸುಳ್ಳು ಬರೆದದ್ದಕ್ಕೆ ಸಿಟ್ಟು ಇನ್ನೂ ಇದೆ. ಆದರೆ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಅಪ್ಪುವಿಗೆ ಎರಡು ವರ್ಷವಿದ್ದಾಗ ಜ್ವರಕ್ಕೆ ಸಿಹಿ ಸಿರಪ್ಪು ಕುಡಿಸಿದ್ದೆ. ಬೆವರಿ, ಕಣ್ಣು ಮೇಲೆ ಮಾಡಿ ಬಿದ್ದುಬಿಟ್ಟಿದ್ದ. ಹಾಲು ಕುಡಿದ ಮೇಲೆ ಎದ್ದ. ನಿನಗೆ ಹೇಳಿದರೆ ಮಗು ಸಾಕಲು ಬರುವುದಿಲ್ಲ ಅನ್ನುತ್ತೀಯ ಅಂತ ಹೇಳಲಿಲ್ಲ. ಮಾರ್ಚಿನಲ್ಲಿ ಅವನನ್ನು ಕಳಿಸುವಾಗಲೂ ಹೇಳಲಿಲ್ಲ. ಸಿಹಿ ತಿನ್ನಿಸಬೇಡ ಅಂತ ಎರಡು ಸಾಲು ಬರೆದು ಪೇಪರು ತಿದ್ದಲು ಕೂತೆ. ಆ ಸಂಗತಿ ಬರೆದಿದ್ದರೆ ನೀನು ಒಳಲೆ ತೆಗೆಯುತ್ತಿರಲಿಲ್ಲ.

ಹೆರಿಗೆಗೆ ಮಂಡ್ಯಕ್ಕೆ ಬರುತ್ತೇನೆ. ಬಾಣಂತನ ನಿನ್ನ ಹತ್ತಿರವೇ. ಹುಟ್ಟಿದ ಮಗುವಿನ ನಾಲಿಗೆಗೆ ಯಾರೂ ಜೇನಾಗಲಿ ಬೆಲ್ಲದ ನೀರಾಗಲಿ ಮುಟ್ಟಿಸಬಾರದು. ಪರೀಕ್ಷೆಯ ಫಲ ಬರುವ ತನಕ ನನ್ನ ಹಾಲು ಬಿಟ್ಟು ಏನೂ ಇಲ್ಲ. ಯಾರು ಬಂದರೂ, ಎಷ್ಟು ದೊಡ್ಡವರಾದರೂ.

ನಿನ್ನನ್ನು ಕ್ಷಮಿಸಿದೆ ಅಂತ ಬರೆಯಲು ಕೂತರೆ ಕೈ ಓಡುತ್ತಿಲ್ಲ. ನೀನು ಬೇಡ ಅಂತ ಬರೆಯಲೂ ಆಗುತ್ತಿಲ್ಲ.

ಅಪ್ಪು ಈಗ ಮೂರು ಹೊತ್ತೂ ಮುದ್ದೆ ಕೇಳುತ್ತಾನೆ. ಕರುವಿಗೆ ಏನು ಹೆಸರಿಟ್ಟಿರಿ ಅಂತ ಕೇಳಲು ಹೇಳಿದ್ದಾನೆ.

ನಾಗಮಣಿ


ಬೆಳಕವಾಡಿ
26 ಫೆಬ್ರವರಿ 2024

ಮಗಳೇ,

ನೀನೂ ಪಾಪುವೂ ಶಿವರಾಮುವೂ ಕ್ಷೇಮವಾಗಿ ಊರು ಸೇರಿದ ಸುದ್ದಿ ವೀಣ ಬರೆದು ತೋರಿಸಿದಳು. ಪಾಪುವಿಗೆ ಆ ತೊಂದರೆಯಿಲ್ಲ ಅಂತ ರಿಪೋರ್ಟು ಬಂದ ದಿನ ನೀನು ಅತ್ತೆ. ನಾನು ಸಂತೋಷಕ್ಕೆ ಅಂದುಕೊಂಡೆ. ಆಮೇಲೆ ನೋಡಿದರೆ ನೀನು ಅಪ್ಪುವಿನ ಮುಖ ನೋಡುತ್ತಿದ್ದೆ.

ಹೆರಿಗೆಯ ದಿನದ ಒಂದು ಸಂಗತಿ ನಿನಗೆ ಹೇಳಿಲ್ಲ. ನೀನು ಮಂಪರಿನಲ್ಲಿದ್ದೆ. ಪಟ್ಟಲಮ್ಮ ಸೆರಗಿನಲ್ಲಿ ಜೇನಿನ ಸೀಸೆ ಕಟ್ಟಿಕೊಂಡು ಬಂದಿದ್ದರು. ಹಿರೇ ಮುತ್ತೈದೆ ನಾಲಿಗೆಗೆ ಮುಟ್ಟಿಸಬೇಕು, ನಿಮ್ಮ ಮಕ್ಕಳಿಗೆಲ್ಲ ನಾನೇ ಅಲ್ಲವೇ ಮುಟ್ಟಿಸಿದ್ದು ಅಂತ ನನ್ನ ಕಿವಿಗೆ ಕೂಗಿ ತೊಟ್ಟಿಲ ಹತ್ತಿರ ಹೋದರು. ನಾನು ಅಡ್ಡ ನಿಂತೆ. ಬಾಯಿ ಆಡಿಸಿ ಬೈದರು, ಪುಣ್ಯಕ್ಕೆ ನನಗೆ ಕೇಳಿಸಲಿಲ್ಲ. “ಅತ್ಗೆಮ್ಮ, ಮುದ್ದನ್ ನಾಲ್ಗೆಗೂ ನೀವೇ ಮುಟ್ಟಿಸ್ದೋರು. ಈ ಕೂಸ್ನ ಬುಟ್ಬುಡಿ,” ಅಂದೆ. ಎಷ್ಟು ಜೋರಾಗಿ ಅಂದೆನೋ, ವಾರ್ಡಿನ ಬಾಣಂತಿಯರೆಲ್ಲ ಎದ್ದು ಕೂತರು. ಪಟ್ಟಲಮ್ಮ ಸೀಸೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ನನ್ನ ಪಕ್ಕ ಬಂದು ಕೂತರು. ಸಂಜೆ ತನಕ ಹೋಗಲಿಲ್ಲ.

ಅಪ್ಪು ಜೂನ್ ತನಕ ಇಲ್ಲೇ ಇರಲಿ ಅಂತ ನೀನಾಗಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಬಸ್ಸು ಹೊರಡುವ ತನಕವೂ ನೀನು ಇಳಿದು ಬಂದು ಅವನನ್ನು ಎತ್ತಿಕೊಂಡು ಹೋಗುತ್ತೀಯ ಅಂತಲೇ ನಿಂತಿದ್ದೆ.

ಇವತ್ತಿನ ಸುದ್ದಿ ಬರೆಯುತ್ತೇನೆ. ಮಧ್ಯಾಹ್ನ ಹುರುಳಿಕಟ್ಟಿನ ಸಾರು ಮಾಡಿದ್ದೆ. ಈರುಳ್ಳಿ ಇಲ್ಲ, ಟೊಮೆಟೊ ಇಲ್ಲ, ನಿನ್ನ ಪಟ್ಟಿಯಲ್ಲಿ ಬೇಡ ಅಂದ ಯಾವುದೂ ಇಲ್ಲ. ವೀಣ ಎರಡು ಸಲ ನೋಡಿದಳು. ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟೆ. ಅಪ್ಪು ಬೆರಳು ಅದ್ದಿ ನೆಕ್ಕಿ ತಟ್ಟೆ ದೂಡಿದ. ಯಾಕ್ಲಾ ಅಂದೆ. “ಬ್ಯಾಡ,” ಅಂತ ತಲೆಯಾಡಿಸಿದ. ಅಷ್ಟೇ. ಕಾಯಿಲೆಯಲ್ಲ, ಏನಲ್ಲ, ಹುರುಳಿ ಬೇಡ ಅವನಿಗೆ.

ನಿಮ್ಮಪ್ಪ ನನ್ನ ಮುಖ ನೋಡಿದರು. ನಾನು ತಟ್ಟೆ ಎತ್ತಿ ಒಳಗಿಟ್ಟೆ. ಒಂದು ತುತ್ತಾದರೂ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಸಿದುಕೊಂಡು ಇರಬಾರದು ಅಂತ ಡಾಕ್ಟರಮ್ಮ ಹೇಳಿರುವುದು ನೆನಪಿತ್ತು, ಒಳಗೆ ಹಾಲು ಕಾಯಿಸುತ್ತಲೇ ಇದ್ದೆ. ಆದರೆ ಕೈ ಅವನ ಬಾಯಿಯ ಹತ್ತಿರ ಹೋಗಲಿಲ್ಲ. ಅದಕ್ಕೆ ಎಷ್ಟು ಕಷ್ಟವಾಯಿತು ಅಂತ ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ಸ್ವಲ್ಪ ಹೊತ್ತಿಗೆ ಅವನೇ ಬಂದು ನನ್ನ ಭುಜ ತಟ್ಟಿದ. ನನಗೆ ಕೇಳಿಸದು ಅಂತ ಅವನಿಗೆ ಗೊತ್ತು, ಕೈಯಲ್ಲಿ ಹೊಟ್ಟೆ ತೋರಿಸಿದ. ಆಮೇಲೆ ಮಜ್ಜಿಗೆಯ ಗಡಿಗೆ ತೋರಿಸಿದ. ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿ ಮುಂದಿಟ್ಟೆ. ತಾನೇ ತಿಂದ. ಎಷ್ಟು ತಿಂದ ಅಂತ ನಾನು ನೋಡಲಿಲ್ಲ. ಸಾಕು ಅಂತ ಅವನೇ ಕೈ ಆಡಿಸಿದ. ಸಾಕು ಅಂತ ನಾನೂ ಎದ್ದೆ.

ನಿಮ್ಮವ್ವ
ಮಾಯಮ್ಮ